ಕಡವೆಯಿಲ್ಲದ ಗುಡ್ಡ

ಕಳೆದ ವಾರ ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಗುಡ್ಡದ ತಿರುವಿನಲ್ಲಿ ಮಳೆ ಹಿಡಿಯಿತು. ಜೀಪಿನ ಕಿಟಕಿ ಇಳಿಸಿದ್ದೇ ತಡ, ಹಸಿ ಕಮರದ ತೊಗಟೆ ಸುಲಿದಾಗ ಬರುವ ಒಗರು ವಾಸನೆ ಒಳಗೆ ನುಗ್ಗಿತು. ಮಳೆಗಾಲದ ವಾಸನೆಗೆ ಬೇರೆಯವರ ಮನಸ್ಸು ಹಗುರವಾಗುತ್ತದಂತೆ. ನನಗೆ ಸಿಟ್ಟು ಬಂತು. ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ಹಲ್ಲು ಕಡಿದು ನುಂಗಿದ ಸಿಟ್ಟು ಅದು, ಕರಗಿಯೇ ಇರಲಿಲ್ಲ. ಹುಲಿಗೆಮ್ಮ ಇನ್ನೂ ಕಡಿಯುತ್ತಿದ್ದಾಳೆ ಎಂದು ಬಾಯಿಬಿಟ್ಟೇ ಹೇಳಿದೆ. ಯಾರು ಮೇಡಂ ಎಂದು ಡ್ರೈವರ್ ಕೇಳಿದ. ಹಳೆಯ ಗುಡ್ಡದ ಕಡೆ ಜೀಪು ತಿರುಗಿಸು ಎಂದೆ.

ಆಗ ನಾನು ಅರಣ್ಯ ರಕ್ಷಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹೊಸಪೇಟೆಯ ಅಕ್ಕಿ ಅಂಗಡಿಯವರ ಮಗಳು, ಮೂಗಿನ ತುದಿಯಲ್ಲೇ ಸಿಟ್ಟು. ಸಂಡೂರಿನ ಆಚೆ ಒಂದು ಗುಡ್ಡವನ್ನು ನನ್ನ ತಲೆಗೆ ಕಟ್ಟಿದರು. ಅದರ ಬುಡದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಕೇಸು ಹಾಕಲು ಹೊರಡುತ್ತಾರೆ. ಹುಲಿಗೆಮ್ಮ ಎಂಬ ಹೆಸರಿನವರಂತೂ ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಇದ್ದಾರೆ, ಬೇಕಾದವರು ಹುಡುಕಿಕೊಳ್ಳಲಿ.

ಗುಡ್ಡದ ತುಂಬ ಹಿಂದೆಂದೋ ಕಡಿದುಹೋದ ಕಮರದ ಬುಡಗಳಿದ್ದವು. ಕಮರ ನಮ್ಮ ಒಣಗುಡ್ಡಗಳ ಮರ, ಕಡಿದರೂ ಸುಲಭಕ್ಕೆ ಸಾಯುವುದಿಲ್ಲ. ಬುಡದಿಂದ ನಾಲ್ಕಾರು ಕುಡಿಗಳು ಒಟ್ಟಿಗೆ ಎದ್ದು, ಬೇರಿನ ಬಲಕ್ಕಾಗಿ ಒಂದನ್ನೊಂದು ತುಳಿಯುತ್ತ ಬೆಳೆಯುತ್ತವೆ. ಮರಳಿ ಕಾಡಾಗಬೇಕಾದರೆ ಬುಡಕ್ಕೆ ಒಂದೇ ನೆಟ್ಟನೆಯ ಕುಡಿ ಉಳಿಸಿ ಮಿಕ್ಕದ್ದನ್ನು ಸವರಬೇಕು. ಸಸಿ ತರುವುದು ಬೇಡ, ಗುಂಡಿ ತೋಡುವುದು ಬೇಡ, ನೀರು ಹೊರುವುದು ಬೇಡ. ತಾಳ್ಮೆ ಮಾತ್ರ ಬೇಕು. ಅದು ನನಗೂ ಇರಲಿಲ್ಲ, ನನ್ನ ಮೇಲಿನವರಿಗೂ ಇರಲಿಲ್ಲ.

ಪಕ್ಕದ ಗುಡ್ಡದಲ್ಲಿ ತಾಳ್ಮೆಯಿಲ್ಲದ ಕೆಲಸ ಆಗಲೇ ಮುಗಿದಿತ್ತು. ಜೆಸಿಬಿ ಹತ್ತಿಸಿ, ಜೀವವಿದ್ದ ಬುಡಗಳನ್ನೆಲ್ಲ ಕಿತ್ತೆಸೆದು, ಸಾಲುಸಾಲು ಗುಂಡಿಗೆ ಅಕೇಶಿಯಾ ನೆಟ್ಟಿದ್ದರು. ಕೆಂಪು ಮಣ್ಣು ಬಾಯಿ ತೆರೆದುಕೊಂಡು ಬಿದ್ದಿತ್ತು. ಸಸಿಗಳು ಮೊದಲ ಬೇಸಿಗೆಗೇ ಒಣಗಿ ಕಡ್ಡಿಯಾಗಿದ್ದವು.

"ನಿನ್ನ ಗುಡ್ಡಕ್ಕೂ ಮಷೀನ್ ಹೇಳಿಟ್ಟೈತಿ," ಎಂದರು ನಮ್ಮ ರೇಂಜರ್ ಸಾಹೇಬರು, ಚಹಾ ಬಸಿ ತಟ್ಟೆಗೆ ಸುರಿದುಕೊಳ್ಳುತ್ತ. "ನೀ ಬುಡದ ಕುಡಿ ಬೆಳಸ್ತೀನಿ ಅಂತ ಹಟ ಹಿಡಿದೀ ಅಂತ ಒಂದು ಮಳಿಗಾಲ ಬಿಟ್ಟೀನಿ. ದಸರೆ ಮುಂದ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಕುಡಿ ನೆಟ್ಟಗಿದ್ರ ಗುಡ್ಡ ಉಳೀತೈತಿ. ಡೊಂಕು ಕಂಡ್ರ ಜೆಸಿಬಿ ಹತ್ತತೈತಿ. ಆಮ್ಯಾಲ ನನ್ನ ಮುಂದ ಅಳಬ್ಯಾಡ."

ಅಳುವ ಜಾತಿ ನಾನಲ್ಲ ಎಂದುಕೊಂಡು ಹೊರಬಂದೆ.

ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ಮರುದಿನ ಗುಡ್ಡದ ಬುಡದಲ್ಲಿ ಒಂದು ಎತ್ತಿನಗಾಡಿ ಎದುರಾಯಿತು. ಗಾಡಿಯ ತುಂಬ ಕಮರದ ಕೋಲುಗಳು. ಮುಂದಿನ ಮೂಕಿಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದ ಹೆಂಗಸು ಐವತ್ತು ದಾಟಿದವಳು. ಒಣಕಲು ಮೈ, ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಕಪ್ಪು. ಅವಳೇ ಹುಲಿಗೆಮ್ಮ.

"ದಾರಿ ಬಿಡ್ರಿ ಗಾರ್ಡಮ್ಮ, ಗಾಡಿ ಹೋಗಬೇಕು."

"ಕೋಲು ಇಳಿಸ್ರಿ, ಆಮ್ಯಾಲ ಗಾಡಿ ಹೋಗ್ಲಿ," ಎಂದು ಗಾಡಿಯ ಮುಂದೆ ನಿಂತೆ. ಎತ್ತುಗಳು ನನ್ನ ಮುಖಕ್ಕೇ ಉಸಿರು ಬಿಟ್ಟವು. ನಾನು ಸರಿಯಲಿಲ್ಲ. ಅವಳು ಇಳಿದು, ಒಂದೊಂದೇ ಕೋಲು ತೆಗೆದು, ಪ್ರತಿಯೊಂದನ್ನೂ ನನ್ನ ಕಾಲ ಹತ್ತಿರ ಬೀಳುವಂತೆ ಎಸೆದಳು. ಗಾಡಿ ಬರಿದಾದ ಮೇಲೆ, "ಹಡದವ್ವ ಬಂದು ಹೇಳಿದ್ರೂ ನಿಮ್ಮ ಕೆಲಸಕ್ಕ ಈ ಊರಾಗ ಒಬ್ಬಾಕಿ ಬರಂಗಿಲ್ರಿ," ಎಂದು ಹೇಳಿ ಹೋದಳು.

ಆ ಮಾತಿನ ಅರ್ಥ ಮರುದಿನ ತಿಳಿಯಿತು. ಊರಿನ ಗಂಡಸರೆಲ್ಲ ಕುರೆಕುಪ್ಪದ ಕಡೆ ಕಾರ್ಖಾನೆಗೆ ಹೋಗುತ್ತಿದ್ದರು. ಕುಡಿ ಸವರುವ ಕೂಲಿಗೆ ಇದ್ದದ್ದು ಹೆಂಗಸರದೊಂದೇ ತಂಡ, ಅದರ ಯಜಮಾನಿ ಇವಳೇ. ಅವಳಿಲ್ಲದೆ ನನ್ನ ಗುಡ್ಡದಲ್ಲಿ ಒಂದು ಕಡ್ಡಿಯೂ ಅಲುಗುವಂತಿರಲಿಲ್ಲ. ಮನೆಗೆ ಹೋಗಿ ಕರೆದೆ. ಕೂಡು ಎನ್ನಲಿಲ್ಲ, ನೀರು ಕೊಡಲಿಲ್ಲ. ಸವರಿದ ಕೋಲುಗಳನ್ನು ಉರುವಲಿಗೆ ಒಯ್ಯಲು ಬಿಟ್ಟರೆ ಬರುತ್ತೇನೆ ಎಂದಳು. ಹಲ್ಲು ಕಚ್ಚಿ ಒಪ್ಪಿದೆ.

ಮೊದಮೊದಲು ಇಬ್ಬರೂ 'ರಿ' ಹಚ್ಚಿ ಮರ್ಯಾದೆಯಿಂದ ಬೈದಾಡುತ್ತಿದ್ದೆವು. ವಾರ ಕಳೆಯುವುದರೊಳಗೆ 'ರಿ' ಉದುರಿಹೋಗಿ ನೀನು ತಾನು ಆಯಿತು. ಆದರೆ ಕೆಲಸದಲ್ಲಿ ಹುಳುಕು ಹುಡುಕಿದರೂ ಸಿಗಲಿಲ್ಲ. ಡೊಂಕು ಕುಡಿ, ಕವಲೊಡೆದ ಕುಡಿಗಳನ್ನೆಲ್ಲ ತಂಡ ಹುಡುಕಿ ಹುಡುಕಿ ಸವರಿತು. ಬುಡಕ್ಕೊಂದರಂತೆ ನೆಟ್ಟನೆಯ ಕುಡಿ ನಿಂತಿತು. ಮುದುಕಿ ನನಗೆ ಹೆದರಿದ್ದಾಳೆ ಎಂದು ಒಳಗೊಳಗೇ ಬೀಗಿದೆ. ಮಳೆ ಸರಿಯಾಗಿ ಬಂತು, ಕುಡಿಗಳು ನೋಡನೋಡುತ್ತ ಮೇಲೆದ್ದವು, ಗುಡ್ಡಕ್ಕೆ ಮೊದಲ ಸಲ ಕಾಡಿನ ಕಳೆ ಬಂತು.

ನಾಗರ ಪಂಚಮಿಗೆ ಕಂಪ್ಲಿಯ ಸೋದರಮಾವನ ಮನೆಗೆ ಹೋದೆ. ಎಮ್ಮಿಗನೂರಿನ ದಾರಿಯಲ್ಲಿ ಮಾವನ ಸುಗಂಧಿ ಬಾಳೆತೋಟವಿದೆ. ಗೊನೆ ಹೊತ್ತ ಬಾಳೆಗಳು ಗಾಳಿಗೆ ಬೀಳದಂತೆ ಒಂದೊಂದಕ್ಕೂ ಕವೆಗೋಲು ಕೊಟ್ಟಿದ್ದರು. ಉದ್ದನೆಯ ಕೋಲು, ತುದಿಯಲ್ಲಿ ಎರಡು ಕೊಂಬು, ಕೊಂಬುಗಳ ನಡುವೆ ಬಾಳೆಯ ಕತ್ತು. ಹತ್ತಿರ ಹೋಗಿ ತೊಗಟೆ ಕೆರೆದೆ. ಕಮರ. ಬುಡದಲ್ಲಿ ನನ್ನ ಗುಡ್ಡದ ಕೆಂಪು ಮಣ್ಣು ಇನ್ನೂ ಅಂಟಿತ್ತು.

"ಸಂಡೂರು ಕೋಲವ್ವ ಅವು," ಎಂದರು ಮಾವ, ಹೆಮ್ಮೆಯಿಂದ. "ಹುಲಿಗೆಮ್ಮ ಅಂತ ಒಬ್ಬಾಕಿ ಅದಾಳ, ಆಕಿ ಕೋಲು ಕೊಟ್ಟ ಮ್ಯಾಲ ಎಂಥಾ ಗಾಳಿ ಬಂದ್ರೂ ಒಂದು ಬಾಳಿ ಬಿದ್ದಿಲ್ಲ ನೋಡು. ಎಲ್ಲಾ ಒಂದ ಎತ್ತರ, ಒಂದ ನಮೂನಿ. ಹಂಗ ತಾವಾಗೇ ಹುಟ್ಟಂಗಿಲ್ಲ. ಕುಡಿ ಇದ್ದಾಗ ತುದಿ ಚಿವುಟಿ ಆಕೀನ ಮಾಡ್ತಾಳ."

ಹಬ್ಬದೂಟ ಬಿಟ್ಟು ಬಸ್ಸು ಹತ್ತಿದೆ. ಅತ್ತೆ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

ಗುಡ್ಡ ಹತ್ತಿ ಒಂದು ಕುಡಿಯನ್ನು ಬಗ್ಗಿಸಿ ನೋಡಿದೆ. ತುದಿ ಇರಲಿಲ್ಲ. ಉಗುರಿನಿಂದ ಚಿವುಟಿದ ಗುರುತು, ಅದರ ಎರಡು ಪಕ್ಕದಿಂದ ಬೆರಳುದ್ದದ ಎರಡು ಹಸಿರು ಕೊಂಬು. ಇನ್ನೊಂದು ಬಗ್ಗಿಸಿದೆ, ಅದೂ ಹಾಗೇ. ಕೈ ಎತ್ತಿ ಎಳೆದರೆ ಸಿಗುವಷ್ಟು ಎತ್ತರಕ್ಕೆ ಬಂದ ಕುಡಿಗಳನ್ನೆಲ್ಲ ಮುದುಕಿ ಚಿವುಟಿದ್ದಳು. ಹಳೆಯ ಕವಲುಗಳನ್ನು ನನ್ನ ಕೂಲಿಯಲ್ಲೇ ಕಡಿದು ಮಾವನಿಗೆ ಮಾರಿ, ನಾನು ಉಳಿಸಿದ ನೆಟ್ಟನೆಯವನ್ನು ಮುಂದಿನ ಬೆಳೆಗೆ ಹೂಡಿದ್ದಳು. ನಾನು ಮರ ಬೆಳೆಸುತ್ತಿದ್ದೆ, ಅವಳು ಅದೇ ಬೇರಿನ ಮೇಲೆ ಕವೆ ಬೆಳೆಸುತ್ತಿದ್ದಳು. ಅವಳ ಅಂಗಳಕ್ಕೆ ಓಡಿದೆ.

"ಏನ್ ಮಾಡೀ ಇದು? ನನ್ನ ಗಿಡದ ತಲಿ ತಗದೀಯಲ್ಲ!"

ಅವಳು ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ನಿನ್ನ ಗಿಡ ಯಾವಾಗಾತು? ನೀ ಮೊನ್ನಿ ಬಂದಾಕಿ. ನಮ್ಮತ್ತಿ ಚಿವುಟಿದ ಗುಡ್ಡ ಅದು, ಆಕಿ ಕೈಯಿಂದ ನನ್ನ ಕೈಗೆ ಬಂದೈತಿ."

"ನೆಟ್ಟಗ ಬಿಟ್ರ ಮರ ಆಗ್ತಾವು."

"ಆಗಿ? ಯಾರ ಬಾಯಿಗೆ ಬೀಳ್ತೈತಿ ಆ ಮರ? ಅದು ಮರ ಆಗೂದ್ರಾಗ ನಾನೂ ಇರಂಗಿಲ್ಲ, ನೀನೂ ಇರಂಗಿಲ್ಲ. ನನ್ನ ಕವೆ ನಾಕು ಮಳಿಗೆ ಕೈಗೆ ಬರ್ತೈತಿ." ಹಿಟ್ಟಿನ ಕೈಯಿಂದಲೇ ಮೇಕೆಗೆ ತಂದಿಟ್ಟ ಕಮರದ ಸೊಪ್ಪಿನಿಂದ ಒಂದೆಲೆ ಕಿತ್ತು ನನ್ನ ಮುಖದ ಮುಂದೆ ಹಿಡಿದಳು. ಕಮರದ ಎಲೆ ಮೇಕೆಯ ಗೊರಸಿನಂತೆ ಎರಡು ಹೋಳು. "ನೋಡು. ಎಲಿನ ಎರಡಾಗಿ ಹುಟ್ಟೈತಿ. ಮರ ಯಾಕ ಒಂದಾಗಬೇಕು?"

ಜೆಸಿಬಿ ಬರುತ್ತದೆ, ಬುಡವೇ ಹೋಗುತ್ತದೆ, ನಿನ್ನ ಕವೆಯೂ ಇಲ್ಲ ನನ್ನ ಮರವೂ ಇಲ್ಲ ಎಂದು ಕೂಗಿ ಹೇಳಿದೆ. "ಹೆದರ್ಸೂದು ನಿಮ್ಮ ಕೆಲಸ," ಎಂದು ರೊಟ್ಟಿ ಹೆಂಚಿಗೆ ಹಾಕಿದಳು. ನನಗೆ ಆ ಹೆಂಚನ್ನೇ ಎತ್ತಿ ಬಡಿಯಬೇಕೆನಿಸಿತ್ತು. ಕೇಸು ಹಾಕಬಹುದಿತ್ತು. ಹಾಕಿದ್ದರೆ ಗುಡ್ಡದ ಕುಡಿಗಳೆಲ್ಲ ಕೆಟ್ಟಿವೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು, ಮಷೀನು ಮರುದಿನವೇ ಹತ್ತುತ್ತಿತ್ತು. ಮುದುಕಿಗೆ ಅದೂ ಗೊತ್ತಿತ್ತು.

ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಜೆಸಿಬಿ ನಿಜಕ್ಕೂ ಬಂತು. ಅಪ್ಪಣೆಗೆ ಕಾಯುತ್ತ ಊರ ಬಾವಿಯ ಹತ್ತಿರ ನಿಂತಿತು. ಪಕ್ಕದ ಗುಡ್ಡ ಅಗೆದದ್ದೂ ಅದೇ ಗಾಡಿ. ಅದರ ಹಲ್ಲುಗಳ ಸಂದಿಯಲ್ಲಿ ಒಣಗಿದ ಬೇರು ಸಿಕ್ಕಿಕೊಂಡಿತ್ತು. ನೀರಿಗೆ ಬಂದ ಹುಲಿಗೆಮ್ಮ ಕೊಡ ಕೆಳಗಿಟ್ಟು ಆ ಬೇರನ್ನು ಎಳೆದು ತೆಗೆದು, ಮೂಸಿ ನೋಡಿದಳು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕೊಡ ತುಂಬದೆಯೇ ಹೋದಳು.

ಮರುದಿನ ಬೆಳಿಗ್ಗೆ ಕುಡುಗೋಲು ಹಿಡಿದು ತಂಡದ ಸಮೇತ ಗುಡ್ಡದ ಬುಡದಲ್ಲಿ ನಿಂತಿದ್ದಳು. ಎರಡು ಕೊಂಬಿನಲ್ಲಿ ಒಂದನ್ನು ಸವರಿದರೆ ಉಳಿದದ್ದು ಕ್ರಮೇಣ ನೆಟ್ಟಗಾಗಿ ಮರದ ತಲೆಯಾಗುತ್ತದೆ. ಅದು ಇಬ್ಬರಿಗೂ ಗೊತ್ತಿದ್ದ ವಿದ್ಯೆ.

"ಜೀಪಿನ ದಾರಿಯಿಂದ ಕಾಣೂವಷ್ಟು ಸವರತೀನಿ," ಎಂದಳು. "ಕೆಳಗಿಂದು ನಿಂದು. ಮ್ಯಾಲಿಂದು ನಂದು. ಮ್ಯಾಲಿಂದು ಮುಟ್ಟಿದ್ರ ಕೈ ಕಡೀತೀನಿ."

"ಸಾಹೇಬ್ರು ಮ್ಯಾಲ ಹತ್ತಿದ್ರ?"

"ಯಾವ ಸಾಹೇಬ ಹತ್ತ್ಯಾನ ಇಲ್ಲಿತನ?"

ಜೀಪಿನ ಬಾಗಿಲಿನಿಂದ ಎಷ್ಟು ಕಾಣುತ್ತದೋ ಅಷ್ಟೇ ಕಾಡು ಎಂದು ನಂಬಿದವರನ್ನೇ ನಾನೂ ನೋಡಿದ್ದೆ. ಒಪ್ಪಿದೆ. ಮೂರ್ನಾಲ್ಕು ದಿನ ಜಿಟಿಜಿಟಿ ಮಳೆಯಲ್ಲಿ, ಪಾದಕ್ಕೆ ಸೇರುಗಟ್ಟಲೆ ಕೆಂಪು ಕೆಸರು ಹೊತ್ತು ಕೆಲಸ ಮಾಡಿದೆವು. ಅವಳು ಕುಡಿ ಬಗ್ಗಿಸಿ ಹಿಡಿದರೆ ನಾನು ಸವರುತ್ತಿದ್ದೆ, ನಾನು ಹಿಡಿದರೆ ಅವಳು. ಹೊಂದಿಕೊಂಡೆವು ಎಂದು ತಿಳಿಯಬೇಡಿ. ಒಂದು ಕೊಂಬು ಬಿದ್ದರೆ ಒಂದು ಬೈಗುಳ. ನನ್ನ ಮದುವೆಯಾಗದಿರುವುದು, ನನ್ನ ಪ್ಯಾಂಟು, ನಮ್ಮಪ್ಪನ ಅಂಗಡಿಯ ಅಕ್ಕಿಯ ಕಲ್ಲು, ಎಲ್ಲ ಬಂದುಹೋದವು. ನಾನೂ ಬಿಡಲಿಲ್ಲ. ಅಷ್ಟು ಹೊಲಸು ಕನ್ನಡ ನನ್ನ ಬಾಯಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ದೊಡ್ಡ ಸಾಹೇಬರು ಬಂದದ್ದು ಬಿಸಿಲು ಬಿದ್ದ ದಿನ. ಬೆಂಗಳೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ. ಜೀಪಿನ ಪಕ್ಕ ನಿಂತು ಕೆಳಗಿನ ಸಾಲು ನೋಡಿ ತಲೆದೂಗಿದರು. ನಮ್ಮ ರೇಂಜರ್ ಸಾಹೇಬರು ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದೊಡ್ಡವರು ಜೇಬಿನಿಂದ ಫೋನು ತೆಗೆದರು.

"ಇಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ?"

"ಮ್ಯಾಲ ನೆತ್ತಿಗೆ ಹೋದ್ರ ಸಿಗ್ತೈತಿ ಸರ್," ಎಂದ ಜೆಸಿಬಿಯ ಡ್ರೈವರ್, ಪುಣ್ಯಾತ್ಮ.

ಸಾಹೇಬರು ಫೋನು ಎತ್ತಿ ಹಿಡಿದುಕೊಂಡೇ ಗುಡ್ಡ ಹತ್ತತೊಡಗಿದರು. ಹಿಂದೆ ರೇಂಜರ್ ಸಾಹೇಬರು, ಅವರ ಹಿಂದೆ ನಾನು, ನನ್ನ ಹಿಂದೆ ಯಾರೂ ಕರೆಯದ ಹುಲಿಗೆಮ್ಮ. ಅರ್ಧ ದಾಟಿದ ಮೇಲೆ ಸಾಹೇಬರ ಕಣ್ಣು ಫೋನಿನಿಂದ ಮೇಲೆದ್ದಿತು. ಸುತ್ತಲೂ ಬರೀ ಕವಲು. ಒಂದೇ ಎತ್ತರಕ್ಕೆ, ಒಂದೇ ಅಳತೆಗೆ, ಗುಡ್ಡವೇ ಕೊಂಬು ಮೂಡಿಸಿಕೊಂಡು ನಿಂತಿತ್ತು.

"ಏನಿದು? ಎಲ್ಲದರ ತುದಿಯೂ ಹೋಗಿದೆಯಲ್ಲ! ಯಾರು ಮಾಡಿದ್ದು?"

ರೇಂಜರ್ ಸಾಹೇಬರು ಬೂಟು ನೋಡಿಕೊಂಡರು. ಹುಲಿಗೆಮ್ಮ ಸೆರಗು ಬಿಗಿದು ನಿಂತಿದ್ದಳು. ಕಪ್ಪು ಉಗುರಿನ ಕೈ ಬಚ್ಚಿಡಲೂ ಇಲ್ಲ. ಕೆಳಗೆ ಡ್ರೈವರ್ ಮಷೀನಿನ ಎಂಜಿನ್ ಚಾಲು ಮಾಡಿ ಬಿಸಿ ಮಾಡುತ್ತಿದ್ದ. ನಾನು ಮುದುಕಿಯನ್ನು ಉಳಿಸಲು ಬಾಯಿ ತೆರೆದೆ ಎಂದು ಯಾರೂ ತಿಳಿಯಬಾರದು. ಅವಳು ಜೈಲಿಗೆ ಹೋಗಿದ್ದರೆ ಅವತ್ತು ನಾನು ಪೇಡೆ ಹಂಚುತ್ತಿದ್ದೆ. ನನಗೆ ಬೇಕಾಗಿದ್ದದ್ದು ಆ ಬುಡಗಳು, ಆ ಬೇರುಗಳು.

"ಕಡವೆ, ಸರ್," ಎಂದೆ.

"ಕಡವೆ? ಈ ಗುಡ್ಡದಲ್ಲಿ? ಇಷ್ಟು ಎತ್ತರಕ್ಕೆ?"

"ಹಿಂಗಾಲ ಮೇಲೆ ನಿಂತು ತಿಂತಾವೆ ಸರ್."

ಸಾಹೇಬರ ಮುಖ ಹಬ್ಬದ ಮನೆಯ ಹಾಗೆ ಬೆಳಗಿತು. ಕಡವೆ ಇಲ್ಲಿಂದ ಹೋಗಿ ಎಷ್ಟೋ ಕಾಲವಾಯಿತು ಎಂದುಕೊಂಡಿದ್ದರಂತೆ. ಫೋನಿನ ಕೆಲಸ ಮರೆತು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ಹುಡುಕಿದರು. ಹಸಿ ಮಣ್ಣಿನಲ್ಲಿ ಹುಲಿಗೆಮ್ಮನ ಮೇಕೆಗಳ ಗೊರಸು ಮೂಡಿತ್ತು. "ನೋಡಿ, ಮರಿಗಳೂ ಇವೆ!" ಎಂದು ಅವರೇ ಹೇಳಿದರು.

ಜೆಸಿಬಿ ವಾಪಸು ಹೋಯಿತು. ಹೋಗುವ ಮುಂಚೆ ಸಾಹೇಬರು ಇನ್ನೊಂದು ಅಪ್ಪಣೆ ಕೊಟ್ಟರು. ಗುಡ್ಡದ ಮೇಲಿನ ಅರ್ಧಕ್ಕೆ ಇನ್ನು ಯಾರೂ ಕಾಲಿಡಬಾರದು, ಒಂದು ಕಡ್ಡಿಯೂ ಹೊರಗೆ ಹೋಗಬಾರದು, ಕಡವೆಗಳಿಗೆ ನೆಮ್ಮದಿ ಬೇಕು. ಅದು ಹುಲಿಗೆಮ್ಮನ ಪಾಲಿನ ಅರ್ಧ.

ಜೀಪಿನ ಧೂಳು ಅಡಗುವವರೆಗೆ ಅವಳು ದಾರಿಯ ಕಡೆಯೇ ನೋಡುತ್ತ ನಿಂತಳು. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆಯನ್ನು ನನ್ನ ಬೂಟಿನ ಪಕ್ಕಕ್ಕೆ ಉಗುಳಿದಳು.

"ಗುಡ್ಡ ಉಳೀತಲ್ಲ," ಎಂದೆ.

"ಬೆಳಿ ಕಸಗೊಂಡಿ, ಅದನ್ನ ಬಿಡು. ಇನ್ನೊಂದು ಸಲ ಬೆಳಸ್ತೀನಿ." ಹೆಬ್ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಕೂಸಿದ್ದಾಗಿಂದ ಉಗುರು ಸವಿಸಿ ಮಾಡಿದ ಕೆಲಸ ಇದು. ಕಂಪ್ಲಿಯಿಂದ ಹಂಪಿತನ ಬಾಳಿ ಎತ್ತಿ ಹಿಡಿದ ಕೈ. ಅಷ್ಟು ದೊಡ್ಡ ಸಾಹೇಬ ನೋಡಿ ಬೆರಗಾಗಿ ಯಾರು ಮಾಡ್ಯಾರ ಅಂತ ಕೇಳಿದ. ಹುಲಿಗೆಮ್ಮ ಮಾಡ್ಯಾಳ ಅಂದಿದ್ರ ಜೈಲಿಗೆ ಹೋಗ್ತಿದ್ದೆ, ಹೋಗ್ತಿದ್ದೆ. ನೀ ನನ್ನ ಕೈನ ದನದ ಬಾಯಿ ಮಾಡಿದಿ."

ನಾನು ಕ್ಷಮೆ ಕೇಳಲಿಲ್ಲ. ಇವತ್ತು ಆ ಮಷೀನು ಬಂದು ನಿಂತರೆ ಅದೇ ಸುಳ್ಳನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ದೀಪಾವಳಿಗೆ ಮುಂಚೆ ಗುಡ್ಡದ ನಡುವಿಗೆ ಬೋರ್ಡು ಬಂತು. ಹೊಸಪೇಟೆಯ ಪೇಂಟರ್ ಬರೆದ ಕಡವೆ, ಕೊಂಬಿಟ್ಟ ಎಮ್ಮೆಯ ಹಾಗಿತ್ತು. ನಾನು ದಿನಾ ಅದರಡಿ ನಿಂತು ಅವಳು ದಾಟದಂತೆ ಕಾದೆ. ಅವಳೂ ದಿನಾ ಬರುತ್ತಿದ್ದಳು. ಬೋರ್ಡಿನ ಈಚೆಗೇ ನಿಂತು ತನ್ನ ಕವೆಗಳನ್ನು ಒಂದಿಷ್ಟು ಹೊತ್ತು ನೋಡಿ, "ಕಡವಿ ಬಂತೇನು?" ಎನ್ನುತ್ತಿದ್ದಳು. "ಬಂದಿತ್ತು," ಎನ್ನುತ್ತಿದ್ದೆ. ಬೇಸಿಗೆಯಲ್ಲಿ ನನಗೆ ವರ್ಗವಾಗುವವರೆಗೆ ನಮ್ಮಿಬ್ಬರ ನಡುವೆ ಬೇರೆ ಮಾತೇ ನಡೆಯಲಿಲ್ಲ.

ಇಷ್ಟೆಲ್ಲ ಕಳೆದ ವಾರ ಆ ತಿರುವಿನಿಂದ ಗುಡ್ಡ ಮುಟ್ಟುವುದರೊಳಗೆ ನೆನಪಾಯಿತು. ಈಗ ನನ್ನ ಹೆಗಲ ಮೇಲೆ ನಕ್ಷತ್ರಗಳಿವೆ, ಕೂತು ಸೊಂಟ ದಪ್ಪಗಾಗಿದೆ. ಗುಡ್ಡದ ಕೆಳಗಿನ ಅರ್ಧ ನೋಡಿ ನನ್ನ ಕಣ್ಣಿಗೇ ದೃಷ್ಟಿಯಾದೀತೆನಿಸಿತು. ಕಮರಗಳು ಮರವಾಗಿದ್ದವು, ನೆಟ್ಟಗೆ, ನೆರಳು ಚೆಲ್ಲಿ. ಪಕ್ಕದ ಅಕೇಶಿಯಾ ಗುಡ್ಡದಲ್ಲಿ ಮಾತ್ರ ಈಗಲೂ ಕೆಂಪು ಗುಂಡಿಗಳು ಕಾಣುತ್ತಿದ್ದವು. ಗುಡ್ಡದ ದಾರಿಗೆ ತಿರುಗಿದಾಗ ಎದುರಿಗೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನ ತುಂಬ ಕವೆಗೋಲು. ಪಕ್ಕದಲ್ಲಿ ಹೊಸ ಹುಡುಗ ಗಾರ್ಡು. ನನ್ನ ಜೀಪು ನೋಡಿ ಸೆಲ್ಯೂಟ್ ಹೊಡೆದ.

"ಇದೇನು?" ಎಂದೆ.

"ಮ್ಯಾಲಿನ ಭಾಗದಾಗ ಕಡವಿ ಕಾಟ ಭಾಳ ಐತ್ರಿ ಮೇಡಂ. ತುದಿ ತಿಂದು ಗಿಡ ಎಲ್ಲಾ ಕವಲು ಒಡಸ್ತಾವ್ರಿ. ಕೆಟ್ಟ ಗಿಡ ಕಡಿದು ತಗೀರಿ ಅಂತ ಈಗಿನ ಸಾಹೇಬ್ರೇ ಹೇಳ್ಯಾರ. ಮಳಿಗಾಲಕ್ಕೊಮ್ಮೆ ಈ ಊರವ್ರು ತಗದು ಒಯ್ತಾರ್ರಿ."

"ಕಡವೆ ನೀನು ನೋಡಿದ್ದೀಯಾ?"

"ನಾ ನೋಡಿಲ್ರಿ. ಅಜ್ಜಿ ನೋಡ್ಯಾಳ್ರಿ."

ಟ್ರೇಲರಿನ ಕೋಲುಗಳ ಮೇಲೆ, ತಲೆ ಪೂರಾ ಬೆಳ್ಳಗಾಗಿ, ಹುಲಿಗೆಮ್ಮ ಕೂತಿದ್ದಳು. ನನ್ನನ್ನು ಗುರುತಿಸಿದಳು. ನಗಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ. ಹೆಬ್ಬೆರಳಿನ ಕಪ್ಪು ಉಗುರನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಹೂಂ. ದಿನಾ ಬರ್ತೈತಿ," ಎಂದಳು.

ಹುಡುಗ ನನ್ನ ಮುಖ ನೋಡುತ್ತಿದ್ದ. ಇಲ್ಲಿ ಕಡವೆಯೇ ಇಲ್ಲ ಎಂದು ಅವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಹುಲಿಗೆಮ್ಮ ಅದನ್ನೂ ಕಂಡಳು. ಕಂಡು, ಕೋಲುಗಳ ಮೇಲೆ ಇನ್ನಷ್ಟು ಸರಿಯಾಗಿ ಕೂತಳು.

"ದಾರಿ ಬಿಡು ಗಾರ್ಡಮ್ಮ," ಎಂದಳು. "ಗಾಡಿ ಹೋಗಬೇಕು."

ಜೀಪು ಹಿಂದಕ್ಕೆ ತೆಗೆ ಎಂದು ಡ್ರೈವರ್‌ಗೆ ಹೇಳಿದೆ.